ಕೈ ಎತ್ತಿದರೆ ನಿಲ್ಲಿಸುತ್ತೇವೆ

ಫೆಬ್ರವರಿ ೯

ಅಮ್ಮಾ,

'ಇಲ್ಲಿ ಎಲ್ಲರೂ ಕ್ಷೇಮ' ಎಂದು ಶುರು ಮಾಡಿ ನಾಲ್ಕನೆಯ ಸಾಲಿಗೆ ಅಳುವುದು ಬೇಡ. ಕ್ಷೇಮವಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಬಲಗಡೆಯ ಕೆಳಗಿನ ದವಡೆ ಹಲ್ಲು ನೋಯುತ್ತಿದೆ. ಒಳಗೆ ಯಾರೋ ಬಾಡಿಗೆಗೆ ಬಂದು ಹಗಲೂ ರಾತ್ರಿ ಗೋಡೆಗೆ ಮೊಳೆ ಹೊಡೆಯುತ್ತಿರುವ ಹಾಗಿದೆ.

ಫೋನ್ ಮಾಡಬಹುದಿತ್ತು. ನಿನ್ನ ಕಿವಿಗೆ ಕೇಳಬೇಕಾದರೆ ಕೂಗಬೇಕು, ಈ ಬಾಯಲ್ಲಿ ಕೂಗಲು ಆಗುವುದಿಲ್ಲ. ಬಸ್ ನಿಲ್ದಾಣದ ಗಾಜಿನ ಕೋಣೆಯಲ್ಲಿ ಕೂತು ಮೈಕಿನಲ್ಲಿ 'ಪ್ರಯಾಣಿಕರ ಗಮನಕ್ಕೆ' ಎನ್ನುವಷ್ಟರಲ್ಲೇ ಕಣ್ಣಲ್ಲಿ ನೀರು ಬರುತ್ತದೆ. ನಿನ್ನೆ ಒಂದು ಬಸ್ಸಿನ ನಂಬರು ಹೇಳುವಾಗ ನಾಲಿಗೆ ಹಲ್ಲಿಗೆ ತಾಗಿ 'ಅಯ್ಯೋ' ಎಂದುಬಿಟ್ಟೆ. ಇಡೀ ನಿಲ್ದಾಣಕ್ಕೆ ಕೇಳಿತು. ಕಂಟ್ರೋಲರ್ ಒಳಗೆ ಬಂದು, "ಏನಮ್ಮಾ, ಬಸ್ ಹೊರಟ್ರೆ ನಿಮಗ್ಯಾಕೆ ಇಷ್ಟು ದುಃಖ? ಮೊದ್ಲು ಹಲ್ಲು ತೋರಿಸ್ಕೊಂಡು ಬನ್ನಿ. ಇಲ್ಲಾಂದ್ರೆ ಆ ಕುರ್ಚಿಗೆ ಬೇರೆಯವ್ರನ್ನ ಕೂರಿಸ್ತೀನಿ" ಎಂದರು.

ತೋರಿಸಿಕೊಳ್ಳಲು ಹೋಗಿದ್ದೆ. ನಮ್ಮ ಬೀದಿಯ ಔಷಧಿ ಅಂಗಡಿಯ ಮಹಡಿಯಲ್ಲಿ ಹಲ್ಲಿನ ಡಾಕ್ಟರೊಬ್ಬರು ಹೊಸದಾಗಿ ಬಂದಿದ್ದಾರೆ, ಹೆಂಗಸು. ಮೆಟ್ಟಿಲು ಹತ್ತಿದೆ. ಬಾಗಿಲ ಹೊರಗೇ ಲವಂಗದೆಣ್ಣೆಯ ವಾಸನೆ ಬಂತು. ನೀನು ಹಲ್ಲಾಸ್ಪತ್ರೆಯ ಕೆಲಸ ಮುಗಿಸಿ ಮನೆಗೆ ಬಂದಾಗ ನಿನ್ನ ಬಟ್ಟೆಯಿಂದ ಬರುತ್ತಿತ್ತಲ್ಲ, ಅದೇ. ತಿರುಗಿ ಇಳಿದುಬಿಟ್ಟೆ, ಯಾರೋ ಅಟ್ಟಿಸಿಕೊಂಡು ಬಂದ ಹಾಗೆ. ಇದು ಮೊದಲ ಸಲವೂ ಅಲ್ಲ. ನಿನ್ನ ಅಳಿಯ ಹಡಗಿನಿಂದ ಫೋನ್ ಮಾಡಿದಾಗ ಬೈದರು, "ಹೆರಿಗೆಗೆ ಹೆದರದವಳು ಒಂದು ಹಲ್ಲಿಗೆ ಹೆದರ್ತೀಯಲ್ಲೇ" ಅಂತ. ಹೆರಿಗೆಯಲ್ಲಿ ಯಾರೂ ನನ್ನ ತಲೆ ಮುಟ್ಟಲಿಲ್ಲ.

ನಿಮ್ಮ ದೊಡ್ಡ ಡಾಕ್ಟರು ನೋವು ಇಳಿಯಲು ಹತ್ತಿಯಲ್ಲಿ ಅದ್ದಿ ಏನೋ ಇಡುತ್ತಿದ್ದರು. ಅದು ಏನೆಂದು ಬರೆ. ಬೇರೆ ಏನೂ ಬೇಡ.

ನಿನ್ನ ಮೊಮ್ಮಗಳು ಗುಬ್ಬಿಗೆ ಒಂಬತ್ತು ತುಂಬಿತು. ಚೆನ್ನಾಗಿದ್ದಾಳೆ.

ನಿನ್ನ ಮಗಳು


ಫೆಬ್ರವರಿ ೨೦

ಮೈಕಮ್ಮನವರಿಗೆ,

ವರ್ಷಗಟ್ಟಲೆ ಸುದ್ದಿಯಿಲ್ಲ, ಸುಳಿವಿಲ್ಲ. ಹಲ್ಲು ನೋವು ಬಂದ ಕೂಡಲೇ ತಾಯಿ ನೆನಪಾದಳು. ಆ ಹಲ್ಲಿಗೆ ನಾನು ಋಣಿ.

ಹತ್ತಿಯಲ್ಲಿ ಅದ್ದಿ ಇಡುತ್ತಿದ್ದದ್ದು ಲವಂಗದೆಣ್ಣೆಯೇ. ಅದರ ವಾಸನೆಗೇ ಮೆಟ್ಟಿಲಿಳಿದು ಓಡಿದವಳು, ಅದನ್ನು ಬಾಯಲ್ಲೇ ಇಟ್ಟುಕೊಂಡು ಎಲ್ಲಿಗೆ ಓಡುತ್ತೀ? ಹುಳುಕು ಹಲ್ಲಿಗೆ ಎಣ್ಣೆ ಮದ್ದಲ್ಲ, ಇಕ್ಕಳ ಮದ್ದು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತರಿಸಿಕೊಳ್ಳುವ ಬುದ್ಧಿ ನಿನಗೆ ಹುಟ್ಟಿನಿಂದಲೇ ಬಂದಿದೆ.

ಆ ಹೊಸ ಡಾಕ್ಟರಮ್ಮನಿಗೆ ನಿನ್ನ ತಾಯಿ ಯಾರೆಂದು ಹೇಳು. ದೊಡ್ಡ ಡಾಕ್ಟರ ಹಲ್ಲಾಸ್ಪತ್ರೆಯಲ್ಲಿ ತಲೆ ಹಿಡಿಯುವ ಕೆಲಸ ಮಾಡುತ್ತಿದ್ದಳು ಎಂದು ಮಾತ್ರ ಹೇಳಬೇಡ. ಜನ ಬೇರೆ ಅರ್ಥ ಮಾಡಿಕೊಂಡು ನಗುತ್ತಾರೆ, ಆ ಪಾಠ ನನಗೆ ಕೆಲಸಕ್ಕೆ ಸೇರಿದ ವಾರವೇ ಆಯಿತು. 'ರೋಗಿಗಳನ್ನು ಹಿಡಿಯುತ್ತಿದ್ದಳು' ಎನ್ನು. ಕುರ್ಚಿಯ ಹಿಂದೆ ನಿಂತು, ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು, ಒಂದು ಕೈ ಹಣೆಯ ಮೇಲೆ, ಇನ್ನೊಂದು ಗಲ್ಲದ ಕೆಳಗೆ. ಆಮೇಲೆ ಅವರು ಎಷ್ಟು ಒದ್ದಾಡಿದರೂ ಅದು ಕಾಲಿಗೆ ಸಂಬಂಧಪಟ್ಟದ್ದು, ತಲೆ ಅಲ್ಲಾಡುವಂತಿಲ್ಲ. ಪೊಲೀಸನನ್ನು ಹಿಡಿದಿದ್ದೇನೆ, ಪೈಲ್ವಾನನನ್ನು ಹಿಡಿದಿದ್ದೇನೆ. ಅವರ ಕಿರುಚಾಟ ಕೇಳಿ ಕೇಳಿಯೇ ಈ ಕಿವಿ ಹೋದದ್ದು.

ನಿನ್ನನ್ನೂ ಹಿಡಿದಿದ್ದೇನೆ. ಆಗ ನಿನಗೆ ಈಗಿನ ಗುಬ್ಬಿಯ ವಯಸ್ಸು. ನನ್ನ ಹೆಬ್ಬೆರಳು ಕಚ್ಚಿದೆ, ಗುರುತು ಇನ್ನೂ ಇದೆ. ಪಕ್ಕದ ಮನೆಯವಳಿಗೆ ತೋರಿಸಿ ನಗುತ್ತಿರುತ್ತೇನೆ. "ಮಗಳು ಕೊಟ್ಟಿದ್ದು ಅಂತ ಇರೋದು ಇದೊಂದೇ" ಎಂದರೆ ಅವಳು "ಹಾಗಾದ್ರೆ ಉಂಗುರ ಬೇರೆ ಯಾಕೆ ಬಿಡಿ" ಎನ್ನುತ್ತಾಳೆ.

ಹೋಗಿ ಕೀಳಿಸಿಕೋ. ಒಂದು ಕ್ಷಣದ ಕೆಲಸ. ಜೊತೆಗಿರುವ ಚೀಟಿ ಗುಬ್ಬಿಗೆ. ನೀನು ಓದಬೇಡ.

ಅಮ್ಮ


ಮಾರ್ಚ್ ೪

ಅಮ್ಮಾ,

ಒಂದು ಕ್ಷಣದ ಕೆಲಸ ಎಂದು ಬರೆದಿದ್ದೀ. ಆ ಕ್ಷಣ ನನಗೆ ಹೇಗಿತ್ತು ಎಂದು ನೀನು ಯಾವತ್ತೂ ಕೇಳಿದವಳಲ್ಲ, ನಾನೂ ಹೇಳಿದವಳಲ್ಲ. ಪಕ್ಕದ ಮನೆಯವಳಿಗೆ ಮುಂದಿನ ಸಲ ಹೆಬ್ಬೆರಳು ತೋರಿಸುವಾಗ ಇದನ್ನೂ ಸೇರಿಸಿ ಹೇಳು.

ಕುರ್ಚಿಯ ಎದುರಿನ ಗೋಡೆಯಲ್ಲಿ ಒಂದು ಬೋರ್ಡಿತ್ತು. 'ನೋವಾದರೆ ಕೈ ಎತ್ತಿ, ನಿಲ್ಲಿಸುತ್ತೇವೆ.' ದೊಡ್ಡ ಡಾಕ್ಟರು ಅದನ್ನು ನನ್ನಿಂದ ಗಟ್ಟಿಯಾಗಿ ಓದಿಸಿದರು. "ಜಾಣೆ, ಎಷ್ಟು ಸ್ಪಷ್ಟವಾಗಿ ಓದ್ತಾಳೆ!" ಎಂದು ನಿನ್ನ ಕಡೆ ನೋಡಿದರು. ನಿನಗೆ ಖುಷಿಯಾಗಿತ್ತು, ನನಗೆ ಕಂಡಿತು. ಇಂಜೆಕ್ಷನ್ ಕೊಟ್ಟರು. ಅದು ಹಿಡಿಯುವ ಮೊದಲೇ ಇಕ್ಕಳ ಹಾಕಿದರು, ಹೊರಗೆ ಬೆಂಚಿನ ತುಂಬ ಜನ ಕಾಯುತ್ತಿದ್ದರು. ನಾನು ಕಿರುಚಲಿಲ್ಲ, ಒದೆಯಲಿಲ್ಲ. ಓದಿದ್ದನ್ನು ನಂಬಿ ಕೈ ಎತ್ತಿದೆ.

ನೀನು ಆ ಕೈಯನ್ನು ಹಿಡಿದು ಇಳಿಸಿ ನಿನ್ನ ಮೊಣಕೈಯ ಅಡಿಯಲ್ಲಿ ಸಿಕ್ಕಿಸಿಕೊಂಡೆ. ಎಳೆದಾಡಲೂ ಇಲ್ಲ, ಮೆತ್ತಗೆ ಇಳಿಸಿದೆ, ಡಾಕ್ಟರಿಗೆ ಗೊತ್ತಾಗದ ಹಾಗೆ. ಕಚ್ಚಿದ್ದು ಆಮೇಲೆ.

ಇನ್ನೊಂದು ಮಾತು. ಅದಕ್ಕೆ ಮುಂಚೆ ಆಗಲಿ, ಆಮೇಲೆ ಆಗಲಿ, ನೀನು ನನ್ನ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡದ್ದು ನನಗೆ ನೆನಪಿಲ್ಲ. ಅದೊಂದೇ ಸಲ. ಬೆಚ್ಚಗಿತ್ತು. ನನಗೆ ಸಿಟ್ಟು ಇರುವುದು ಅದಕ್ಕೇ.

ಕೆನ್ನೆ ಊದಿಕೊಂಡಿದೆ. ಮೈಕನ್ನು ಎಡಗಡೆಗೆ ತಿರುಗಿಸಿಕೊಂಡು ಮಾತಾಡುತ್ತಿದ್ದೇನೆ.

ಮಗಳು


ಮಾರ್ಚ್ ೨೫

ಮೈಕಮ್ಮನವರಿಗೆ,

'ಅಯ್ಯೋ ಮಗಳೇ, ನೀನು ಕೈ ಎತ್ತಿದ್ದು ನನಗೆ ಕಾಣಲೇ ಇಲ್ಲ' ಎಂದು ನಾನು ಬರೆಯುತ್ತೇನೆಂದು ಕಾದು ಕೂತಿರಬೇಕು. ಕಂಡಿತ್ತು. ನನಗೆ ಮಂದವಾಗಿರುವುದು ಕಿವಿ, ಕಣ್ಣಲ್ಲ.

ಎಲ್ಲರ ಕೈಯೂ ಕಾಣುತ್ತಿತ್ತು. ಬೋರ್ಡು ಹಾಕಿಸಿದ್ದು ರೋಗಿಗಳು ಕುರ್ಚಿ ಹತ್ತಲಿ ಅಂತ. ನನ್ನನ್ನು ಇಟ್ಟುಕೊಂಡದ್ದು ಹತ್ತಿದವರು ಇಳಿಯದಿರಲಿ ಅಂತ. ಅರ್ಧಕ್ಕೆ ನಿಲ್ಲಿಸಿದರೆ ಹಲ್ಲು ಮುರಿದು ಬೇರು ಒಳಗೇ ಉಳಿಯುತ್ತದೆ, ಆಮೇಲೆ ಒಸಡು ಕೊಯ್ಯಬೇಕು. ಎತ್ತಿದ ಕೈಗೆಲ್ಲ ಮರ್ಯಾದೆ ಕೊಡುತ್ತ ನಿಂತಿದ್ದರೆ ಈ ಊರಿನಲ್ಲಿ ಒಂದು ಹಲ್ಲೂ ಹೊರಗೆ ಬರುತ್ತಿರಲಿಲ್ಲ.

ತಲೆ ಒತ್ತಿಕೊಳ್ಳಲಿಲ್ಲವಂತೆ. ಬೆಳಗಿನಿಂದ ಸಂಜೆಯವರೆಗೆ ಕಂಡವರ ಬೆವರಿನ ತಲೆ ಒತ್ತಿಕೊಂಡು ಬಂದವಳಿಗೆ ಮನೆಯಲ್ಲಿ ಇನ್ನೊಂದು ತಲೆ ಬೇಕಿತ್ತೇ? ಹೋಟೆಲಿನ ಅಡುಗೆಯವನು ಮನೆಗೆ ಬಂದು ಒಲೆ ಹಚ್ಚುವುದಿಲ್ಲ. ಆ ಕೈಗಳು ದುಡಿದದ್ದಕ್ಕೇ ನಿನ್ನ ಹೊಟ್ಟೆ ತುಂಬಿತು. ನಿನ್ನ ಅಪ್ಪ ಬಿಟ್ಟುಹೋದ ಮೇಲೆ ಆ ಹೊಟ್ಟೆಗೆ ಬೇರೆ ಯಾರು ಹಾಕಿದರು?

ಭಯ ಒಂದು ಸಾಕುನಾಯಿ. ಹಾಕಿದಷ್ಟು ತಿಂದು ನಿನಗೇ ಬೊಗಳುತ್ತದೆ. ನೀನು ಅದನ್ನು ಚಿಕ್ಕಂದಿನಿಂದ ತಟ್ಟೆಯಲ್ಲಿ ಬಡಿಸಿ ಸಾಕಿದ್ದೀ. ಈಗ 'ಇದು ಅಮ್ಮ ಕೊಟ್ಟ ನಾಯಿ' ಎಂದು ಬೀದಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೀ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಗುಬ್ಬಿ ನನ್ನ ಚೀಟಿಗೆ ಉತ್ತರ ಬರೆದಿದ್ದಾಳೆ. ಅಕ್ಷರ ನಿನಗಿಂತ ದುಂಡಗಿದೆ.

ಅಮ್ಮ


ಮೇ ೬

ಮೈಕಮ್ಮನವರಿಗೆ,

ಉತ್ತರವೇ ಇಲ್ಲ. ಬಾಯಿ ತೆರೆಯಲಾಗದವಳಿಗೆ ಕೈಯೂ ಬಿದ್ದುಹೋಯಿತೇ? ಪರವಾಗಿಲ್ಲ, ಆ ಮನೆಯಲ್ಲಿ ಬರೆಯುವವಳು ಇನ್ನೊಬ್ಬಳಿದ್ದಾಳೆ. ಅವಳು ಬರೆದದ್ದನ್ನು ಹಾಗೇ ಇಳಿಸುತ್ತೇನೆ, ಓದಿಕೋ.

"ಅಜ್ಜೀ, ನಮ್ಮ ಸ್ಕೂಲಿಗೆ ಹಲ್ಲಿನ ಡಾಕ್ಟರು ಬಂದಿದ್ರು. ನನ್ನ ಒಂದು ಹಲ್ಲು ಹುಳುಕಂತೆ, ಕೀಳಿಸ್ಬೇಕಂತೆ. ಅಮ್ಮ ಮೆಟ್ಟಿಲ ತನಕ ಕರ್ಕೊಂಡು ಹೋದ್ಲು. ಆಮೇಲೆ ಐಸ್‌ಕ್ರೀಂ ಕೊಡಿಸಿ ವಾಪಸ್ ಕರ್ಕೊಂಡು ಬಂದ್ಲು. ನಂಗೆ ಭಯ ಇರ್ಲಿಲ್ಲ. ಅಮ್ಮನ ಕೈ ನಡುಗ್ತಿತ್ತು, ಅದನ್ನ ನೋಡಿ ನಂಗೂ ಬಂತು."

ಹುಳುಕು ಹಲ್ಲಿಗೆ ಐಸ್‌ಕ್ರೀಂ! ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಹೆಗ್ಗಣಕ್ಕಾದರೂ ಹಲ್ಲು ಗಟ್ಟಿಯಿರುತ್ತದೆ.

ನೀನು ಬೇಕಾದರೆ ಕೊಳೆತು ಹೋಗು. ನಿನ್ನ ಬಾಯಿ, ನಿನ್ನ ಇಷ್ಟ. ಆದರೆ ಆ ಕೂಸಿಗೆ ನಿನ್ನ ನಾಯಿಯನ್ನು ದಾಟಿಸಬೇಡ. ಈ ತಿಂಗಳ ಕೊನೆಗೆ ನಾನು ಬರುತ್ತೇನೆ, ಟಿಕೆಟ್ ತರಿಸಿದ್ದಾಗಿದೆ. ಗುಬ್ಬಿಯನ್ನು ಆ ಡಾಕ್ಟರಮ್ಮನ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ, ನಾನೇ ಹಿಡಿಯುತ್ತೇನೆ. ವಯಸ್ಸಾಯಿತು ಎಂದುಕೊಳ್ಳಬೇಡ. ಮೊನ್ನೆ ಪಕ್ಕದ ಮನೆಯ ಬೆಕ್ಕಿಗೆ ಮಾತ್ರೆ ನುಂಗಿಸಲು ಮೂವರು ಸೇರಿ ಮೈಯೆಲ್ಲ ಪರಚಿಸಿಕೊಂಡಿದ್ದರು. ಕೊನೆಗೆ ನನ್ನನ್ನು ಕರೆದರು. ಬೆಕ್ಕಿಗೆ ತನ್ನನ್ನು ಹಿಡಿದದ್ದೇ ಗೊತ್ತಾಗಲಿಲ್ಲ.

ನೀನು ಮನೆಯಲ್ಲೇ ಕದ ಹಾಕಿಕೊಂಡು ಕೂತಿರು.

ಅಮ್ಮ


ಮೇ ೧೨

ಅಮ್ಮಾ,

ಬರಬೇಡ.

ಇದನ್ನು ಸಿಟ್ಟಿನಲ್ಲಿ ಬರೆಯುತ್ತಿಲ್ಲ. ಸಿಟ್ಟು ಇಳಿಯಲಿ ಎಂದು ನಿನ್ನ ಪತ್ರವನ್ನು ಎರಡು ದಿನ ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದೆ. ಇಳಿಯಿತು, ಈಗ ಉಳಿದಿರುವುದು ನಿರ್ಧಾರ. ಗುಬ್ಬಿಯ ತಲೆಯನ್ನು ನೀನು ಮುಟ್ಟಕೂಡದು. ಅವಳು ಎತ್ತಿದ ಕೈಯನ್ನು ಯಾರೂ ಇಳಿಸಕೂಡದು. ಅವಳಿಗೆ ಬೇರೆ ಏನು ಕೊಡುತ್ತೇನೋ ಬಿಡುತ್ತೇನೋ, ಅದೊಂದನ್ನು ಕೊಡುತ್ತೇನೆ.

ನಾನು ಹೋಗದೆ ಅವಳು ಬರುವುದಿಲ್ಲ. "ನೀನು ಫಸ್ಟು" ಎಂದು ಹಟ ಹಿಡಿದಿದ್ದಾಳೆ. ಹಾಗಾಗಿ ಸೋಮವಾರ ನಾನು ಹೋಗುತ್ತೇನೆ. ಮೊದಲು ನನ್ನದು, ಆಮೇಲೆ ಅವಳದು. ನಿನ್ನ ಕೈ ನನ್ನ ಮಗಳ ತನಕ ಬರುವುದಕ್ಕಿಂತ ಇಕ್ಕಳ ನನ್ನ ಬಾಯಿ ತನಕ ಬರುವುದು ಮೇಲು.

ಟಿಕೆಟ್ ವಾಪಸ್ ಮಾಡು. ಹಟಕ್ಕೆ ಬಿದ್ದು ಬಂದರೆ, ನಿನ್ನ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಎಲ್ಲರಿಗಿಂತ ಮೊದಲು ತಿಳಿಯುವವಳು ನಾನು. ಅದೇ ಬಸ್ಸಿಗೆ ತಿರುಗಿ ಹತ್ತಿಸುತ್ತೇನೆ.

ಮಗಳು


ಜೂನ್ ೨

ಅಮ್ಮಾ,

ಕೀಳಿಸಿಕೊಂಡೆ!

ಬಾಯಲ್ಲಿ ಒಂದು ತೂತಿದೆ, ನಾಲಿಗೆ ಹೋಗಿ ಹೋಗಿ ಅದನ್ನೇ ನೋಡಿಕೊಂಡು ಬರುತ್ತಿದೆ. ಇಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಮೆಟ್ಟಿಲು ಹತ್ತುವಾಗ ಅದೇ ವಾಸನೆ ಬಂತು, ಅರ್ಧದಲ್ಲೇ ನಿಂತುಬಿಟ್ಟೆ. ನಿನ್ನ ಪತ್ರ ಚೀಲದಲ್ಲಿತ್ತು. 'ನಾನೇ ಹಿಡಿಯುತ್ತೇನೆ' ಎಂದು ಬರೆದಿದ್ದೆಯಲ್ಲ, ಅದನ್ನು ಅಲ್ಲೇ ನಿಂತು ಓದಿಕೊಂಡೆ. ಕಾಲು ತಾನಾಗಿ ಹತ್ತಿತು. ಆ ಉಪಕಾರ ನಿನ್ನದು, ಇಲ್ಲ ಎನ್ನುವುದಿಲ್ಲ.

ಡಾಕ್ಟರು ಕುಳ್ಳಗಿನ ಹೆಂಗಸು, ಒಂದು ಸ್ಟೂಲಿನ ಮೇಲೆ ಕಾಲಿಟ್ಟುಕೊಂಡು ಕೆಲಸ ಮಾಡುತ್ತಾರೆ. ನನ್ನನ್ನು ನೋಡಿ, "ಯಾಕ್ರೀ ನಡುಗ್ತೀರಿ? ನಾನಿನ್ನೂ ಕೈ ಕೂಡ ತೊಳ್ಕೊಂಡಿಲ್ಲ" ಎಂದರು. ನಾನು ಒಂದೇ ಮಾತು ಕೇಳಿದೆ.

"ಕೈ ಎತ್ತಿದ್ರೆ ನಿಲ್ಲಿಸ್ತೀರಾ?"

"ಎತ್ತಿ ನೋಡಿ."

ಎತ್ತಿದೆ. ಅವರು ಕೈಯಲ್ಲಿದ್ದ ಕನ್ನಡಿಯನ್ನು ಟ್ರೇಯಲ್ಲಿಟ್ಟು ಒಂದು ಹೆಜ್ಜೆ ಹಿಂದೆ ಸರಿದರು. ಇಳಿಸಿದೆ, ಬಂದರು. ಮತ್ತೆ ಎತ್ತಿದೆ, ಮತ್ತೆ ಸರಿದರು. ನೋವೇ ಇರಲಿಲ್ಲ ಅಮ್ಮಾ, ಸುಮ್ಮನೆ ಎತ್ತಿದೆ. ಎತ್ತಿದಾಗೆಲ್ಲ ನಿಲ್ಲಿಸಿದರು. ಕೊನೆಗೆ ನಗುತ್ತ, "ನೀವು ಹಲ್ಲು ಕೀಳಿಸ್ಕೊಳ್ಳೋಕೆ ಬಂದಿದ್ದೋ, ವ್ಯಾಯಾಮಕ್ಕೋ?" ಎಂದರು. ನಾನೂ ನಕ್ಕೆ. ಬಾಯಿ ಅಗಲವಾಗಿ ತೆರೆದದ್ದು ಆಗಲೇ.

ಕೀಳುವ ಹೊತ್ತಿಗೆ ಕಣ್ಣು ಮುಚ್ಚಿಕೊಂಡು ತಲೆಯನ್ನು ಹಿಂದಕ್ಕೆ ಒತ್ತಿದೆ. ಕುರ್ಚಿಯ ರೆಕ್ಸಿನ್ನು ತಣ್ಣಗಿತ್ತು. ಅಲ್ಲಿ ಒಂದು ಹೊಟ್ಟೆ ಇರಬೇಕು ಎಂದು ನನ್ನ ಕುತ್ತಿಗೆ ಹುಡುಕಿತು. ಇದನ್ನು ನಿನಗೆ ಬರೆಯಬಾರದಿತ್ತು. ಬರೆದಾಯಿತು, ಹರಿದು ಹೊಸ ಹಾಳೆ ತೆಗೆದುಕೊಳ್ಳುವುದಿಲ್ಲ.

ಮನೆಗೆ ಬಂದು ಹತ್ತಿ ಕಚ್ಚಿಕೊಂಡು ಯೋಚಿಸಿದೆ. ನಾನು ಹಲ್ಲಿನ ಡಾಕ್ಟರಿಗೆ ಯಾವತ್ತೂ ಹೆದರಿದವಳೇ ಅಲ್ಲ. ಹೆದರಿದ್ದು ನಿನಗೆ. ಹಿಂದೆ ನಿಂತವಳು ನೀನಾಗಿರಬಹುದು ಎಂದು ಹೆದರಿದ್ದೆ. ನೀನಿಲ್ಲದ ಕಡೆ ಹಲ್ಲು ಕೀಳಿಸಿಕೊಳ್ಳುವುದು ಉಗುರು ಕತ್ತರಿಸಿಕೊಂಡ ಹಾಗೆ. ಇದು ಇಷ್ಟು ಸುಲಭವೆಂದು ತಿಳಿಯಲು ಇಷ್ಟು ವರ್ಷ ಬೇಕಾಯಿತು.

ಗುಬ್ಬಿಯ ಒಸಡಿನ ಬಾವು ಇಳಿಯಲು ಮಾತ್ರೆ ಕೊಟ್ಟಿದ್ದಾರೆ, ಮುಂದಿನ ತಿಂಗಳು ಅವಳದು. ರಾತ್ರಿ ಊಟವಾದ ಮೇಲೆ ಸೋಫಾದ ಮೇಲೆ ಮಲಗಿಸಿಕೊಂಡು ಆಟ ಆಡುತ್ತೇವೆ. ನಾನು ಚಮಚ ಹಿಡಿದು ಡಾಕ್ಟರು, ಅವಳು ರೋಗಿ. "ನಿಂಗೆ ಬೇಕಾದಷ್ಟು ಸಲ ಕೈ ಎತ್ತು, ನಾನೂ ಎತ್ತಿದ್ದೆ" ಎಂದಿದ್ದೇನೆ. ಎತ್ತಿ ಎತ್ತಿ ನಕ್ಕು ಕೆಳಗೆ ಉರುಳುತ್ತಾಳೆ. ಅವಳು ನಗುವುದನ್ನು ನೀನು ನೋಡಬೇಕಿತ್ತು ಎಂದು ಬರೆಯಲು ಹೊರಟಿದ್ದೆ. ಬೇಡ, ನೋಡಬೇಡ.

ಮಗಳು


ಜೂನ್ ೧೯

ಮೈಕಮ್ಮನವರಿಗೆ,

ಹಲ್ಲು ಹೋಯಿತು, ನಾಲಿಗೆ ಉದ್ದವಾಯಿತು.

ಟಿಕೆಟ್ ವಾಪಸ್ ಮಾಡಿದೆ. ಪಕ್ಕದ ಮನೆಯವಳಿಗೆ ಜ್ವರ ಬಂತು, ಅದಕ್ಕೇ ಹೊರಡಲಿಲ್ಲ ಎಂದು ಬೀದಿಯಲ್ಲಿ ಹೇಳಿದ್ದೇನೆ. ಅವಳು ನನ್ನ ಮುಖ ನೋಡಿ, ಜ್ವರ ಬಂದವಳ ಹಾಗೆ ಎರಡು ದಿನ ಮಲಗಿಯೂ ಕೊಟ್ಟಳು. ಒಳ್ಳೆಯವಳು. ಮಗಳಲ್ಲದವರು ಎಷ್ಟೋ ಸಲ ಒಳ್ಳೆಯವರಿರುತ್ತಾರೆ.

ನನಗೆ ಹೆದರಿದ್ದೆಯಂತೆ. ಹಾಗೆ ಹೆದರಿದ್ದಕ್ಕೇ ನೀನು ಓದಿ ಮೈಕಿನ ಮುಂದೆ ಒಂದು ಕುರ್ಚಿಯ ಮೇಲೆ ಕೂತದ್ದು. ಅದಿರಲಿ.

ಕೈ ಎತ್ತುವುದನ್ನು ಮಗುವಿಗೆ ಆಟ ಮಾಡಿ ಕಲಿಸಿದ್ದೀ. ಆಟಕ್ಕೆ ಎತ್ತಿದ ಕೈ ಯಾವುದು, ನೋವಿಗೆ ಎತ್ತಿದ ಕೈ ಯಾವುದು ಎಂದು ನಿನಗೆ ಹೇಗೆ ತಿಳಿಯುತ್ತದೆ? ನನಗೆ ತಿಳಿಯುತ್ತಿತ್ತು. ನಾಟಕದ ಕೈ ಸಡಿಲವಾಗಿರುತ್ತದೆ. ನೋವಿನ ಕೈಯಲ್ಲಿ ಬೆರಳುಗಳು ಸೆಟೆದು, ಒಂದಕ್ಕೊಂದು ತಾಗದೆ ನಿಂತಿರುತ್ತವೆ.

ನಿನ್ನದು ಯಾವುದೆಂದು ನನಗೆ ಗೊತ್ತಿತ್ತು.

ಅಮ್ಮ


ಜುಲೈ ೧೪

ಅಮ್ಮಾ,

ಗುಬ್ಬಿಯ ಹಲ್ಲು ಕೀಳಿಸಿದ್ದಾಯಿತು. ಎಲ್ಲ ಚೆನ್ನಾಗಿ ಆಯಿತು. ನೀನು ಬರುವ ಅಗತ್ಯವಿಲ್ಲ.

ಮಗಳು


ಆಗಸ್ಟ್ ೩

ಮೈಕಮ್ಮನವರಿಗೆ,

ಹೋದ ಸಲ ಒಂದು ಹಲ್ಲಿಗೆ ಹಾಳೆಗಟ್ಟಲೆ ಬರೆದವಳು ಈ ಸಲ ಮೂರು ಸಾಲು ಬರೆದಿದ್ದೀ. 'ಎಲ್ಲ ಚೆನ್ನಾಗಿ ಆಯಿತು.' ಗಣಿತದಲ್ಲಿ ಫೇಲಾದ ದಿನವೂ ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಇದೇ ಮಾತು ಹೇಳಿದ್ದೆ.

ಗುಬ್ಬಿಯ ಪತ್ರವೂ ಬಂದಿದೆ. ಯಾವಾಗಲೂ ಕೆಳಗೊಂದು ಚಿತ್ರ ಬಿಡಿಸುವವಳು, ಈ ಸಲ ಇಲ್ಲ.

"ಅಜ್ಜೀ, ನಾನು ಕೈ ಎತ್ತಿದೆ. ಅಮ್ಮ ಹಿಂದಿನಿಂದ ನನ್ನ ಕೈ ಹಿಡ್ಕೊಂಡು ಕೆಳಗೆ ಒತ್ತಿದ್ಲು. ನಂಗೆ ನಿಜವಾಗ್ಲೂ ನೋವಾಗ್ತಿತ್ತು. ರಜೆಗೆ ನಿನ್ನ ಹತ್ರ ಬರ್ಲಾ?"

ಓದಿ ನಕ್ಕೆ. ಎಷ್ಟು ಜೋರಾಗಿ ನಕ್ಕೆನೋ ನನಗೆ ಕೇಳಲಿಲ್ಲ. ಪಕ್ಕದ ಮನೆಯವಳು ಒದ್ದೆ ಕೈಯಲ್ಲೇ ಓಡಿಬಂದು "ಯಾರಿಗೆ ಏನಾಯ್ತು?" ಎಂದಳು. ಏನೂ ಇಲ್ಲ, ನನ್ನ ಮಗಳಿಗೆ ನನ್ನ ಕೆಲಸ ಸಿಕ್ಕಿತು ಎಂದೆ.

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂದು ಬರೆಯಲು ಕೂತಿದ್ದೆ. ಬರೆಯುವುದಿಲ್ಲ. ಆ ಗೌರವ ನಿನಗೆ ಕೊಡುವುದಿಲ್ಲ. ನಾನು ಸಂಬಳಕ್ಕೆ ಹಿಡಿದವಳು. ಆ ದಿನ ನಿನ್ನ ಕೈ ಇಳಿಸದಿದ್ದರೆ ಮಾರನೆಯ ದಿನ ಆ ಕುರ್ಚಿಯ ಹಿಂದೆ ಬೇರೆ ಹೆಂಗಸು ನಿಂತಿರುತ್ತಿದ್ದಳು. ಮಗಳು ಎಂದು ಬಿಟ್ಟುಬಿಟ್ಟಳು ಎಂದರೆ ದೊಡ್ಡ ಡಾಕ್ಟರು ಇಟ್ಟುಕೊಳ್ಳುವವರಲ್ಲ. ನಿನಗೆ ಯಾರು ಸಂಬಳ ಕೊಟ್ಟರು? ನಿನ್ನ ಡಾಕ್ಟರಮ್ಮ "ಹಿಡ್ಕೊಳ್ಳಿ" ಎಂದಳೇ? ಹೇಳು. ಪುಕ್ಕಟೆ ಮಾಡಿದೆಯಲ್ಲೇ!

ಗುಬ್ಬಿಯನ್ನು ರಜೆಗೆ ಕಳಿಸು. ನನ್ನ ಹತ್ತಿರ ಬರಲು ಅವಳಿಗೆ ಭಯವಿಲ್ಲ. ನಾನು ಅವಳಿಗೆ ಏನೂ ಮಾಡಿಲ್ಲವಲ್ಲ.

ಅಮ್ಮ


ಸೆಪ್ಟೆಂಬರ್ ೨೮

ಅಮ್ಮಾ,

ಯಾರೂ ಸಂಬಳ ಕೊಡಲಿಲ್ಲ. ಯಾರೂ ಹಿಡಿದುಕೋ ಎಂದೂ ಹೇಳಲಿಲ್ಲ.

ಗುಬ್ಬಿ ನಗುತ್ತಲೇ ಕುರ್ಚಿ ಹತ್ತಿದಳು. ಡಾಕ್ಟರು "ನೀವು ಹೊರಗೆ ಕೂತಿದ್ರೂ ಪರವಾಗಿಲ್ಲ" ಎಂದರು. ಇರುತ್ತೇನೆ ಎಂದು ಹಿಂದೆ ನಿಂತೆ. ಕನ್ನಡಿ ತಂದರೆ ಗುಬ್ಬಿ ಕೈ ಎತ್ತಿದಳು, ಹತ್ತಿ ತಂದರೆ ಎತ್ತಿದಳು. ಡಾಕ್ಟರು ಒಂದೊಂದು ಸಲವೂ ನಿಲ್ಲಿಸಿದರು, ಇಬ್ಬರೂ ನಕ್ಕರು. ಇಂಜೆಕ್ಷನ್ ಆದ ಮೇಲೂ ಅದೇ ಆಟ. ಡಾಕ್ಟರಿಗೆ ಬೇಸರವಿರಲಿಲ್ಲ. "ಇವತ್ತಾಗ್ದಿದ್ರೆ ನಾಳೆ ಮಾಡಿದ್ರಾಯ್ತು" ಎಂದರು. ಬೇಸರ ಬಂದದ್ದು ನನಗೆ. ನನ್ನ ಪಾಳಿಗೆ ಹೊತ್ತಾಗುತ್ತಿತ್ತು. ಬಾಗಿಲಾಚೆ ಬೆಂಚಿನ ಮೇಲೆ ಕೂತವರು ಕತ್ತು ಚಾಚಿ ನೋಡುತ್ತಿದ್ದರು, ಮಗುವನ್ನು ಹೇಗೆ ಬೆಳೆಸಿದ್ದಾಳೆ ಎಂಬಂತೆ. ನನಗೆ ನಾಚಿಕೆಯಾಯಿತು. ಅಷ್ಟೇ ಕಾರಣ. ಇದಕ್ಕಿಂತ ದೊಡ್ಡದು ಏನಾದರೂ ಇದ್ದಿರಬೇಕು ಎಂದು ಇಷ್ಟು ದಿನ ಹುಡುಕಿದೆ, ಸಿಗಲಿಲ್ಲ.

ಇಕ್ಕಳ ಹಲ್ಲನ್ನು ಹಿಡಿದಾಗ ಮತ್ತೆ ಕೈ ಎತ್ತಿದಳು. ಡಾಕ್ಟರ ಕಣ್ಣು ಅವಳ ಬಾಯೊಳಗಿತ್ತು. ಇದೂ ಆಟವೇ ಎಂದುಕೊಂಡು ಆ ಕೈಯನ್ನು ಇಳಿಸಿದೆ, ತಲೆಯನ್ನು ಹೊಟ್ಟೆಗೆ ಒತ್ತಿಕೊಂಡೆ. ಎಲ್ಲಿ ಹಿಡಿಯಬೇಕು ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಕೈಗೆ ಗೊತ್ತಿತ್ತು. ಆಮೇಲೆ ಅವಳ ಬೆರಳುಗಳು ನನ್ನ ಅಂಗೈಯೊಳಗೆ ಸೆಟೆದು ನಿಂತವು. ನನಗೆ ತಿಳಿಯಿತು ಅಮ್ಮಾ. ತಿಳಿದ ಮೇಲೂ ಬಿಡಲಿಲ್ಲ. ಇನ್ನೇನು ಬಂದೇಬಿಡುತ್ತದೆ, ಒಂದು ಕ್ಷಣದ ಕೆಲಸ ಎಂದುಕೊಂಡೆ.

ಹಲ್ಲು ಬಂತು. ಡಾಕ್ಟರು ತಲೆಯೆತ್ತಿ ನನ್ನ ಕೈ ಎಲ್ಲಿದೆ ಎಂದು ನೋಡಿದರು. ಗುಬ್ಬಿಗೆ "ಸಾರಿ ಕಂದಾ, ನಂಗೆ ಕಾಣ್ಲಿಲ್ಲ" ಎಂದರು. ನನಗೆ, "ಮುಂದಿನ ಸಲ ಮಗು ಒಬ್ಳೇ ಒಳಗೆ ಬರ್ಲಿ" ಎಂದರು. ಗುಬ್ಬಿ ಅವರ ಕೈ ಹಿಡಿದುಕೊಂಡು ಕುರ್ಚಿ ಇಳಿದಳು.

ಅವಳಿಗೆ ಕೋಪವಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಕರೆದರೆ ಬರುತ್ತಾಳೆ, ಹೇಳಿದ್ದು ಮಾಡುತ್ತಾಳೆ, ಸ್ಕೂಲಿನ ಸುದ್ದಿ ಹೇಳುತ್ತಾಳೆ. ನನ್ನ ಮುಂದೆ ಬಾಯಿ ಮಾತ್ರ ತೆರೆಯುವುದಿಲ್ಲ. ಬಚ್ಚಲಿನ ಚಿಲಕ ಹಾಕಿಕೊಂಡು ಹಲ್ಲುಜ್ಜುತ್ತಾಳೆ. ಊಟಕ್ಕೆ ಕೂತರೆ ಒಂದು ಕೈ ಬಾಯಿಗೆ ಅಡ್ಡ ಇಟ್ಟುಕೊಳ್ಳುತ್ತಾಳೆ. ಟೀವಿ ನೋಡುತ್ತ ನಗು ಬಂದರೆ ತುಟಿ ಬಿಗಿಹಿಡಿದು ಮೂಗಿನಲ್ಲಿ ನಗುತ್ತಾಳೆ. "ಆ ಅನ್ನು, ನೋಡ್ತೀನಿ" ಎಂದರೆ ಏನೋ ನೆನಪಾದವಳ ಹಾಗೆ ಎದ್ದು ಹೋಗುತ್ತಾಳೆ. ನಾನು ತಲೆ ಬಾಚಲು ಹಿಂದೆ ಹೋಗಿ ನಿಂತರೆ ಅವಳ ಭುಜ ಗಟ್ಟಿಯಾಗುತ್ತದೆ. ಈಗ ತಾನೇ ಬಾಚಿಕೊಳ್ಳುತ್ತಾಳೆ, ಬೈತಲೆ ಸೊಟ್ಟಗಿರುತ್ತದೆ.

ನನ್ನ ಬಾಯಿ ಪೂರ್ತಿ ವಾಸಿಯಾಗಿದೆ. ಇನ್ನೆರಡು ಹಲ್ಲು ತುಂಬಿಸಿಕೊಂಡೆ, ಒಮ್ಮೆಯೂ ಕೈ ಎತ್ತಲಿಲ್ಲ. ಧ್ವನಿ ಇಷ್ಟು ಸ್ಪಷ್ಟವಾಗಿ ಯಾವತ್ತೂ ಇರಲಿಲ್ಲ ಎಂದು ಕಂಟ್ರೋಲರ್ ಹೇಳಿದರು.

ಶನಿವಾರ ಬೆಳಗಿನ ಬಸ್ಸಿಗೆ ಗುಬ್ಬಿಯನ್ನು ಹತ್ತಿಸುತ್ತೇನೆ. ಆ ಬಸ್ಸಿನ ಕಂಡಕ್ಟರಮ್ಮ ಗೊತ್ತಿರುವವಳು, ನಿನ್ನ ಕೈಗೇ ಒಪ್ಪಿಸುತ್ತಾಳೆ. ನೀನು ಅವಳ ತಲೆ ಮುಟ್ಟಕೂಡದು ಎಂದು ಬರೆದಿದ್ದೆ. ಮುಟ್ಟು. ಈಗ ಮುಟ್ಟಿಸಿಕೊಳ್ಳುವುದಿದ್ದರೆ ನಿನ್ನ ಹತ್ತಿರ ಮಾತ್ರ. ಬೈತಲೆ ತಿದ್ದು.

ಡಾಕ್ಟರು ಆ ದಿನ ಹೇಳಿದ್ದರು, ಒಸಡಿನೊಳಗೇ ಹೊಸ ಹಲ್ಲು ಇದೆ, ಬೇಗ ಬರುತ್ತದೆ ಅಂತ. ಎಡಗಡೆ, ಮೇಲೆ, ಕೋರೆಹಲ್ಲಿನ ಪಕ್ಕ. ನಿನ್ನ ಮುಂದೆ ಅವಳು ಬಾಯಿ ತುಂಬ ನಗಬಹುದು, ಆಕಳಿಸಬಹುದು. ಆಗ ನೋಡು. ಹಲ್ಲು ಬಂದಿದೆಯೋ, ನೇರವಾಗಿ ಬಂದಿದೆಯೋ, ಬಣ್ಣ ಹೇಗಿದೆ, ಎಲ್ಲವನ್ನೂ ನನಗೆ ಬರೆ. ನಾನು ಕೇಳಿದೆ ಎಂದು ಅವಳಿಗೆ ಹೇಳಬೇಡ.

ಮಗಳು